ನಾಳೆಯ ಪುಟದಲ್ಲಿದ್ದ ಮುದ್ರೆ

ಒಂದಾನೊಂದು ಕಾಲದಲ್ಲಿ, ಸಮುದ್ರದ ದಡದ ಒಂದು ಊರಿನಲ್ಲಿ, ಒಬ್ಬ ಹೆಂಗಸಿಗೆ ಒಂದೇ ಒಂದು ಕೆಲಸ ಒಪ್ಪಿಸಿದ್ದರಂತೆ. ಏಳು ಸಮುದ್ರ ದಾಟಬೇಕಾಗಿರಲಿಲ್ಲ, ರಕ್ಕಸನ ಪ್ರಾಣವಿಟ್ಟ ಗಿಳಿಯನ್ನು ಹುಡುಕಬೇಕಾಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ, ಇಪ್ಪತ್ತನಾಲ್ಕು ಗಂಟೆಯೊಳಗೆ, ಕೇಳಬೇಕಾದವರ ಕಿವಿಗೆ ಹಾಕಬೇಕು, ಅಷ್ಟೇ. ಗಡುವು ಮೀರಿದರೆ ಅವಳೇನೂ ಕಲ್ಲಾಗುವುದಿಲ್ಲ. ಬೇರೆ ಯಾರೋ ಆಗುತ್ತಾರೆ.

ಆ ಕಾಲವೆಂದರೆ ಈ ಬುಧವಾರ. ಆ ಹೆಂಗಸು ಪೆಯ್‌ಲಾನ್, ಬಂದರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಷ್ಟಸುಖ ಕೇಳುವ ಆಪ್ತಸಲಹೆಯ ಟೀಚರ್. ಗೋಡೆ ಗಡಿಯಾರದಲ್ಲಿ ಹತ್ತೂಮುಕ್ಕಾಲು. ಗಡುವು ಮುಗಿಯುವುದು ಮಧ್ಯಾಹ್ನ ಹನ್ನೆರಡೂ ಐವತ್ತಕ್ಕೆ. ಆದರೆ ಬುಧವಾರ ಶಾಲೆ ಅರ್ಧ ದಿನ. ಹನ್ನೆರಡಕ್ಕೆ ಮಕ್ಕಳ ಸಾಲು ಗೇಟು ದಾಟಿಬಿಡುತ್ತದೆ.

ಅವಳ ಮುಂದೆ ಒಂದು ಹಾಳೆಯಿತ್ತು. ಹಾಳೆಯ ಮೇಲೆ ಬೊಂಬೆಯಂಥ ಒಂದು ಮಗುವಿನ ಚಿತ್ರ, ಕೆಳಗೆ ಮೂರು ಅಂಕಣ: ಕಂಡದ್ದು, ಕೇಳಿದ್ದು, ಅನಿಸಿದ್ದು. ಬೊಂಬೆಯ ಎಡಗೈಯ ಒಳಭಾಗದಲ್ಲಿ ಪೆಯ್‌ಲಾನ್ ಒಂದು ಗೆರೆ ಎಳೆದಿದ್ದಳು.

ನಿನ್ನೆ ಮಧ್ಯಾಹ್ನ, ಎರಡನೇ ತರಗತಿಯ ಮಕ್ಕಳು ಊಟ ಮುಗಿಸಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಾಗ, ಶಿನ್‌ಲೆ ಎಂಬ ಹುಡುಗಿಯ ಅಂಗಿಯ ತೋಳು ಸರಿದಿತ್ತು. ಕೆಳಗೆ ಸುಟ್ಟ ಗಾಯ. ಕಿರುಬೆರಳಿನಷ್ಟು ಉದ್ದ, ಸ್ಕೇಲಿಟ್ಟು ಎಳೆದಷ್ಟು ನೇರ. ಕಂಡವರು ಅವಳ ತರಗತಿಯ ಸುಂಗ್ ಟೀಚರ್. ಕಂಡ ಗಳಿಗೆಯಿಂದ ಗಡಿಯಾರ ಓಡತೊಡಗಿತ್ತು. ಆದರೆ ಸುಂಗ್ ಅದನ್ನು ಪೆಯ್‌ಲಾನಳಿಗೆ ಹೇಳಿದ್ದು ಇವತ್ತು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ.

"ಇನ್ನೂ ಎಷ್ಟೊತ್ತು ಕಣೇ ಆ ಪುಸ್ತಕಾನ ದಿಟ್ಟಿಸ್ತೀಯ? ಅದೇನು ಪಂಚಾಂಗಾನ?" ಸುಂಗ್ ಚಹಾದ ಫ್ಲಾಸ್ಕ್ ಹಿಡಿದು ಒಳಗೆ ಬಂದರು. ಐವತ್ತೈದು ದಾಟಿದ ಹೆಂಗಸು. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು.

ಆ ಪುಸ್ತಕ ಶಿನ್‌ಲೆಯ ಸಂಪರ್ಕ ಪುಸ್ತಕ. ದಿನಕ್ಕೊಂದು ಪುಟ. ಶಾಲೆಯಿಂದ ಮನೆಗೆ ಹೋಗಿ, ಸಹಿಯ ಬದಲು ದೊಡ್ಡವರ ಹೆಸರಿನ ಮುದ್ರೆ ಒತ್ತಿಸಿಕೊಂಡು, ಆ ಪುಟದ ತಾರೀಖಿನ ಬೆಳಿಗ್ಗೆ ಮರಳಿ ಬರುತ್ತದೆ.

"ಸುಂಗ್ ಅಕ್ಕ, ಇವಳ ಅಜ್ಜೀನ ನೀವು ಕೊನೇ ಸಲ ನೋಡಿದ್ದು ಯಾವಾಗ?"

"ಶಾಲೆ ಶುರುವಾದ ವಾರ, ಗೇಟ್ ಹತ್ರ. ಛತ್ರೀಲಿ ನನ್ನ ಸ್ಕೂಟರಿಗೆ ಕುಟ್ಟಿ, 'ಹುಡುಗೀಗೆ ಹೋಂವರ್ಕ್ ಸಾಲ್ದು, ಇನ್ನಷ್ಟು ಕೊಡು' ಅಂದ್ರು. ಬಾಯಿ ಅಂದ್ರೆ ಬಾಯಿ! ಅದಕ್ಕೇ ಹೇಳಿದ್ದು, ಆ ಯಮ್ಮಂಗೆ ಕೈನೂ ಜೋರಿರ್ಬೇಕು. ಬರೆ ಹಾಕಿದಾರೆ, ಅಷ್ಟೇ. ಅಪ್ಪ ದೂರದ ಮೀನು ಹಡಗಲ್ಲಿ, ಅಮ್ಮ ಬಿಟ್ಟು ಹೋದ್ಲು. ಎರಡು ಹೆಣ್ಣುಮಕ್ಳನ್ನ ಸಾಕೋ ಮುದುಕಿ. ಒಂದಿನ ತಲೆ ಕೆಟ್ಟಿರತ್ತೆ."

ಪೆಯ್‌ಲಾನ್ 'ಬರೆ' ಎಂದು ಬರೆಯಲಿಲ್ಲ. ಹೋದ ವರ್ಷ ಒಂದು ಮಗುವಿನ ಬೆನ್ನಿನ ತುಂಬ ಕೆಂಪು ಗೀರು ಕಂಡು ಏಟೆಂದು ಬರೆದು ಕಳಿಸಿದ್ದಳು. ವಿಚಾರಣೆಗೆ ಹೋದವರಿಗೆ ತಿಳಿದದ್ದು, ಉಷ್ಣವಾಗಿದೆಯೆಂದು ಆ ಮಗುವಿನ ತಾತ ಎಣ್ಣೆ ಸವರಿ ಪಿಂಗಾಣಿ ಚಮಚದಲ್ಲಿ ಬೆನ್ನು ಕೆರೆದಿದ್ದರು. ಪ್ರತಿ ಮನೆಯಲ್ಲೂ ಮಾಡುವ ಮದ್ದು. ಅವಳ ಬೆನ್ನಿಗೂ ಅವಳಮ್ಮ ನೂರು ಸಲ ಮಾಡಿದ್ದು. ಆ ಮನೆಯವರು ಮಗುವನ್ನು ಶಾಲೆಯಿಂದ ಬಿಡಿಸಿಕೊಂಡು ಊರನ್ನೇ ಬಿಟ್ಟು ಹೋದರು. ಮೀನು ಮಾರುಕಟ್ಟೆಯಲ್ಲಿ ಅವಳಿಗೆ 'ಗೀರು ಟೀಚರ್' ಎಂಬ ಹೆಸರು ಬಿತ್ತು. ಅಂದಿನಿಂದ ಪೆನ್ನು ಹಿಡಿದಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತದೆ. ಅನುಮಾನ ಬಂದರೆ ಸಾಕು, ಹೇಳಲೇಬೇಕು ಎನ್ನುತ್ತದೆ ಕಾಯಿದೆ. ಕೈಗೆ ಕಾಯಿದೆ ಗೊತ್ತಿಲ್ಲ.

ಬೆಳಿಗ್ಗೆ ಶಿನ್‌ಲೆಯನ್ನು ಕೂರಿಸಿಕೊಂಡು ಮಾತಾಡಿಸಿದ್ದಳು. "ಬಿದ್ದೆ" ಎಂದಳು ಹುಡುಗಿ, ತೋಳು ಎಳೆದುಕೊಂಡು. ಆಮೇಲೆ, "ಯಾರಿಗೂ ಹೇಳ್ಬೇಡಿ."

"ಹೇಳಲ್ಲ ಅಂತ ಮಾತು ಕೊಡಕ್ಕಾಗಲ್ಲ ಪುಟ್ಟಿ. ಆದ್ರೆ ನಿಂಗೆ ಮೊದ್ಲು ಹೇಳ್ದೆ ಬೇರೆಯವರಿಗೆ ಹೇಳಲ್ಲ."

ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ, ಹೆಬ್ಬೆರಳಿಗೆ ಹೆಬ್ಬೆರಳು ಮುದ್ರೆಯಂತೆ ಒತ್ತಿದ್ದರು. ಹುಡುಗಿಯ ಹೆಬ್ಬೆರಳು ಐಸಿನಲ್ಲಿಟ್ಟ ಸೀಗಡಿಯಂತೆ ತಣ್ಣಗಿತ್ತು.

"ಅಕ್ಕ, ಇಲ್ಲಿ ಬನ್ನಿ. ಈ ಮುದ್ರೆಗಳನ್ನ ನೋಡಿ."

ಸೆಪ್ಟೆಂಬರ್ ಪುಟಗಳಲ್ಲಿ ಅಜ್ಜಿಯ ಹೆಸರಿನ ಮುದ್ರೆ ಇಟ್ಟಿಗೆ ಬಣ್ಣದ್ದು. ಪ್ರತಿಯೊಂದೂ ಎಡಕ್ಕೆ ವಾಲಿತ್ತು. ಬಲ ಅಂಚು ಮಾಸಲು. ಮೀನು ಸೀಳುವ ಕಾರ್ಖಾನೆಯಲ್ಲಿ ಅಜ್ಜಿಯ ಬಲ ಹೆಬ್ಬೆರಳಿನ ತುದಿ ಹೋಗಿದ್ದು ಊರಿಗೆಲ್ಲ ಗೊತ್ತು. ಆ ಕೈ ಒತ್ತಿದರೆ ಹಾಗೇ ಬೀಳಬೇಕು.

ಶರತ್ಕಾಲದ ಹುಣ್ಣಿಮೆ ಹಬ್ಬ ಮುಗಿದ ವಾರದಿಂದ ಮುದ್ರೆ ನೆಟ್ಟಗಾಗಿತ್ತು. ಚೌಕದ ಸರಿ ಮಧ್ಯೆ, ಸಿಪಾಯಿಯ ಹಾಗೆ. ಬಣ್ಣವೂ ಬೇರೆ, ಗುಲಾಬಿಯತ್ತ ತಿರುಗಿದ ಕೆಂಪು.

"ಬೇರೆ ಮಸಿ ಕೊಂಡ್ಕೊಂಡಿರ್ತಾರೆ," ಎಂದರು ಸುಂಗ್.

"ಸರಿ. ಸೋಮವಾರದ್ದು ನೋಡಿ, ಕಡು ಬಣ್ಣ. ಮಂಗಳವಾರ ಸ್ವಲ್ಪ ತೆಳು, ಇವತ್ತಿಂದು ಇನ್ನೂ ತೆಳು. ಪ್ರತಿ ವಾರಾನೂ ಹೀಗೇ. ಒಂದ್ಸಲ ಮಸಿಗೆ ಅದ್ದಿ ಸಾಲಾಗಿ ಒತ್ಕೊಂಡು ಹೋದ್ರೆ ಹೇಗಾಗತ್ತೆ?"

ಸುಂಗ್ ಕನ್ನಡಕ ಏರಿಸಿಕೊಂಡರು. ಪೆಯ್‌ಲಾನ್ ಒಂದು ಪುಟ ಮಗುಚಿದಳು.

ಗುರುವಾರ. ನಾಳೆಯ ಪುಟ. ಪಾಠ ಬರೆದಿಲ್ಲ, ಟೀಚರ್ ಟಿಪ್ಪಣಿಯಿಲ್ಲ, ಇನ್ನೂ ಹುಟ್ಟದ ದಿನ. ಅದರ ಮೂಲೆಯಲ್ಲಿ ಮುದ್ರೆ ಆಗಲೇ ಬಂದು ಕೂತಿತ್ತು. ಶುಕ್ರವಾರದ ಪುಟದಲ್ಲೂ, ಮಸಿ ತೀರುತ್ತ ಬಂದ ಒಂದು ಮಸುಕು ನೆರಳು.

"ಅಯ್ಯೋ ದೇವರೇ..." ಸುಂಗ್ ಅವರ ದನಿ ಉಡುಗಿತು. "ನಾನು ದಿನಾ ನೋಡ್ತಿದ್ದೆ ಕಣೇ. ಆ ದಿನದ ಪುಟ ತೆಗೀತಿದ್ದೆ. ಮುದ್ರೆ ಇತ್ತಲ್ಲ."

ಯಾರು ತಾನೇ ಅನುಮಾನಿಸುತ್ತಾರೆ? ಪಾರ್ಸೆಲ್ಲಿಗೆ ಮುದ್ರೆ, ಆಸ್ಪತ್ರೆಗೆ ಮುದ್ರೆ, ಗುಡಿಯ ರಸೀತಿಗೆ ಮುದ್ರೆ. ಈ ಊರಲ್ಲಿ ಮನುಷ್ಯ ಬರದಿದ್ದರೂ ಅವನ ಮುದ್ರೆ ಬಂದರೆ ಸಾಕು, ಬಂದ ಲೆಕ್ಕ. ಏಳು ವಾರ ಈ ಚಿಕ್ಕ ಕೆಂಪು ಚೌಕ 'ಮನೆಯಲ್ಲಿ ದೊಡ್ಡವರಿದ್ದಾರೆ' ಎಂದು ಹೇಳುತ್ತಲೇ ಬಂದಿತ್ತು.

"ವಾರಕ್ಕೊಂದು ಸಲ ಯಾರೋ ಬಂದು ಒತ್ತಿ ಹೋಗ್ತಿದಾರೆ ಅಕ್ಕ. ಅಜ್ಜಿ ಅಲ್ಲ. ನೀವು ಮನೆಗೆ ಫೋನ್ ಮಾಡಿದ್ರಾ?"

ಸುಂಗ್ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. "ಮನೆಗಲ್ಲ. ನಿನ್ನೆ ಸಂಜೆ ಓಣಿ ಮುಖಂಡರಿಗೆ ಮಾಡ್ದೆ. ನಲ್ಲಿ ಕೆಟ್ರೂ ಅವರಿಗೇ ಅಲ್ವಾ ಮಾಡೋದು..."

ಮಾತು ಮುಗಿಯುವಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಓಣಿಯ ಮುಖಂಡ ರುವಾನ್ ಒಂದು ಚೀಲ ಸೀಬೆಹಣ್ಣಿನ ಜೊತೆ ಒಳಗೆ ಬಂದ. ಅರವತ್ತರ ಗಟ್ಟಿ ಆಳು; ಅಡಿಕೆ ಜಗಿದು ಕೆಂಪಾದ ಹಲ್ಲು. ಮೂರು ಸಲ ಚುನಾವಣೆ ಗೆದ್ದವನಿಗೆ ಎಲ್ಲ ಬಾಗಿಲೂ ತನ್ನದೇ ಎಂಬ ನಡಿಗೆ.

"ಏನ್ ಗೀರು ಟೀಚರಮ್ಮ, ಈ ಸಲ ಯಾರ ಬೆನ್ನು?" ನಗುತ್ತಲೇ ಹಣ್ಣನ್ನು ಮೇಜಿನ ಮೇಲಿಟ್ಟ. "ತಿನ್ನಿ, ಉಪ್ಪು ಹಚ್ಚಿ ತಿನ್ನಿ. ಶಿನ್‌ಲೆ ವಿಷ್ಯ ತಾನೆ? ಎಲ್ಲಾ ಸರಿಯಾಗಿದೆ. ಅಜ್ಜೀನ ನಿನ್ನೆ ನಾನೇ ನೋಡ್ದೆ. ಬಾಗಿಲಲ್ಲಿ ಕೂತು ಗೆಣಸಿನ ಸೊಪ್ಪು ಬಿಡಿಸ್ತಾ ಇದ್ಲು."

ಪೆಯ್‌ಲಾನಳ ಕಿವಿ ಬಿಸಿಯಾಯಿತು. ಆದರೂ ಎದ್ದು ಸಂದರ್ಶಕರ ಪುಸ್ತಕ ಮುಂದಿಟ್ಟಳು. "ಬಹಳ ಸಂತೋಷ ಮುಖಂಡರೇ. ಬಂದವರು ಇಲ್ಲೊಂದು ಗುರುತು ಹಾಕ್ಬೇಕು, ನಿಯಮ."

"ಹಾಕೋಣ, ನಮ್ಮ ಕೈಗೆ ಅದೇ ಕೆಲ್ಸ." ರುವಾನ್ ಸೊಂಟದ ಚರ್ಮದ ಚೀಲ ಬಿಚ್ಚಿ ಪುಟ್ಟ ಮಸಿಡಬ್ಬಿ ತೆಗೆದ. ಮುದ್ರೆ ಅದ್ದಿ, ಚೌಕದ ಸರಿ ಮಧ್ಯೆ, ನೆಟ್ಟಗೆ ಒತ್ತಿದ.

ಗುಲಾಬಿಯತ್ತ ತಿರುಗಿದ ಕೆಂಪು.

ಪೆಯ್‌ಲಾನ್ ಶಿನ್‌ಲೆಯ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಎರಡು ಮುದ್ರೆ, ಅವಳಿ ಮಕ್ಕಳಂತೆ, ಒಂದೇ ನಿಲುವು. ಹೆಸರು ಮಾತ್ರ ಬೇರೆ.

"ಅಜ್ಜಿ ಮುದ್ರೇನೂ ಆ ಚೀಲದಲ್ಲೇ ಇದೆ ಅಲ್ವಾ?" ಅವಳು ಮೆಲ್ಲಗೆ ಕೇಳಿದಳು. "ನಾಳೆಗೂ ನಾಳಿದ್ದಿಗೂ ಒತ್ತಿಟ್ಟಿದೀರಿ. ಅಜ್ಜಿ ಎಲ್ಲಿ?"

ರುವಾನ್ ಜಗಿಯುವುದನ್ನು ನಿಲ್ಲಿಸಿದ. ನಗು ಮುಖದ ಮೇಲೆ ಇನ್ನೂ ಇತ್ತು, ಒಳಗಿನ ಮನುಷ್ಯ ಎದ್ದು ಹೋಗಿದ್ದ. ಕೊನೆಗೆ ಕುರ್ಚಿ ಎಳೆದು ಕುಸಿದ.

"ಕಾವ್‌ಶ್ಯುಂಗ್ ಪಟ್ಟಣದ ಆಸ್ಪತ್ರೇಲಿ. ಹಬ್ಬದ ಮಾರನೇ ದಿನ ಬಚ್ಚಲಲ್ಲಿ ಬಿದ್ಲು. ಬಲಗಡೆ ಸ್ವಾಧೀನ ಇಲ್ಲ, ಮಾತೂ ತೊದಲು. ಆಂಬುಲೆನ್ಸಲ್ಲಿ ನನ್ನ ಕೈ ಹಿಡ್ಕೊಂಡು ಒಂದೇ ಮಾತು: 'ಇಬ್ರನ್ನೂ ಬೇರೆ ಮಾಡಿಸ್ಬೇಡ.' ಮುದ್ರೆ ನನ್ನ ಕೈಲಿಟ್ಲು. ನಾನೇನು ಮಾಡ್ಲಿ? ಹಡಗಿಗೆ ಸುದ್ದಿ ಕಳ್ಸಿದೀನಿ, ಅವರಪ್ಪ ದಡ ಮುಟ್ಟೋದು ಚಾಂದ್ರ ಹೊಸ ವರ್ಷಕ್ಕೆ."

"ಏಳು ವಾರ! ಎರಡು ಮಕ್ಕಳು, ಒಂಟಿಯಾಗಿ?" ಎಂದರು ಸುಂಗ್.

"ಒಂಟಿ ಹೇಗ್ರೀ ಆಗತ್ತೆ? ದಿನಾ ಎರಡು ಹೊತ್ತು ಅಂಗಡಿಯಿಂದ ಊಟದ ಡಬ್ಬಿ ಬಾಗಿಲಿಗೇ ಹೋಗತ್ತೆ. ಭಾನುವಾರ ನಾನೇ ಹೋಗಿ ಬಟ್ಟೆ ಒಗ್ಸಿ, ಪುಸ್ತಕ ನೋಡಿ ಬರ್ತೀನಿ. ಓಣಿ ಹೆಂಗಸರು ಹೋಗ್ತಾ ಬರ್ತಾ ಕಿಟಕೀಲಿ ಇಣುಕ್ತಾರೆ."

"ಚಿಕ್ಕೋಳಿಗೆ ನಾಲ್ಕು ವರ್ಷ. ಈಗ, ಈ ಗಳಿಗೇಲಿ, ಮಿಮಿ ಯಾರ ಹತ್ರ ಇದಾಳೆ?" ಪೆಯ್‌ಲಾನ್ ಕೇಳಿದಳು.

ರುವಾನ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

"ಟೀಚರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ," ರುವಾನ್ ದನಿ ಇಳಿಸಿದ. "ಬರಿಯೋದಾದ್ರೆ ಭಾನುವಾರ ಆದ್ಮೇಲೆ ಬರೀರಿ, ಅಷ್ಟರಲ್ಲಿ ಇಬ್ರನ್ನೂ ಒಟ್ಟಿಗೆ ಇಟ್ಕೊಳ್ಳೋರನ್ನ ಹುಡುಕ್ತೀನಿ. ನೀವು ಫೋನ್ ಮಾಡಿದ್ರೆ ದೊಡ್ಡೋಳು ಒಂದ್ಮನೆ, ಚಿಕ್ಕೋಳು ಇನ್ನೊಂದ್ಮನೆ. ಹೋದ ವರ್ಷ ಒಂದು ಮನೆ ಊರು ಬಿಡ್ತು ನಿಮ್ಮಿಂದ. ಇದೂ ಬೇಕಾ? ನಾನು ಮಾಡಿದ್ದು ತಪ್ಪಾ? ಹಸಿವಿಗೆ ಹಾಕಿಲ್ವಾ ನಾನು?"

ಮಾತು ಬಾಣದಂತೆ ಬಂದು ನಾಟಿತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಒಳ್ಳೆಯ ಮನುಷ್ಯನೊಬ್ಬ ಅಡ್ಡ ನಿಂತರೆ ಸುತ್ತಿ ಹೋಗುವ ದಾರಿ ಯಾವುದು? ರಕ್ಕಸನಾದರೆ ಸುಲಭವಿತ್ತು. ಪೆಯ್‌ಲಾನ್ ಹಾಳೆಯನ್ನು ನೋಡಿದಳು. 'ಅನಿಸಿದ್ದು' ಅಂಕಣದಲ್ಲಿ ಮನಸ್ಸು ಆಗಲೇ ಒಂದು ಸಾಲು ಬರೆದುಬಿಟ್ಟಿತ್ತು: ದೊಡ್ಡವರಿಲ್ಲದ ಮನೆ, ಮಗು ತಾನೇ ಅನ್ನ ಬೇಯಿಸಲು ಹೋಗಿ ಕೈ ಸುಟ್ಟುಕೊಂಡಿದೆ. ಯಾರ ಮೇಲೂ ಕೋಪ ಬೇಡದ ಸಾಲು. ಇಷ್ಟೇ ಆಗಿದ್ದರೆ ಭಾನುವಾರದ ತನಕ ಕಾಯಬಹುದೇನೋ ಎಂದು ಒಂದು ದುರ್ಬಲ ಗಳಿಗೆಯಲ್ಲಿ ಅವಳಿಗೆ ಅನಿಸಿತು.

"ಎಂಟು ವರ್ಷದ ಹುಡುಗಿ ಕರೆಂಟಿನ ಅನ್ನದ ಪಾತ್ರೆ ಮುಟ್ಟಿ ಕೈ ಸುಟ್ಕೊಂಡಿದಾಳೆ ಮುಖಂಡರೇ. ಇವತ್ತು ಕೈ, ನಾಳೆ ಮನೆ."

"ಅನ್ನದ ಪಾತ್ರೆ?" ರುವಾನ್ ತಲೆಯೆತ್ತಿದ. "ಯಾವ ಪಾತ್ರೆ? ಮೊದಲ ವಾರಾನೇ ಅದನ್ನ ನನ್ನ ಮನೆಗೆ ಸಾಗಿಸ್ದೆ. ಗ್ಯಾಸ್ ಸಿಲಿಂಡರ್ ತೆಗ್ಸಿದೆ, ಇಸ್ತ್ರಿಪೆಟ್ಟಿಗೆ ತೆಗ್ದೆ, ಹಿರಿಯರ ಪೂಜೆ ಗೂಡಿನ ಊದುಬತ್ತಿ, ಬೆಂಕಿಪೊಟ್ಟಣ ಕೂಡ. ಪಿತೃಗಳ ಕ್ಷಮೆ ಕೇಳಿ ತೆಗ್ದೆ. ಆ ಮನೇಲಿ ಬಿಸಿಯಾಗೋದು ಅಂತ ಒಂದು ವಸ್ತು ಇಲ್ಲ."



ಪೆಯ್‌ಲಾನ್ ಹಾಳೆಯನ್ನು ಅವನತ್ತ ತಿರುಗಿಸಿದಳು. ಬೊಂಬೆಯ ಮುಂಗೈ, ನೇರ ಗೆರೆ. ರುವಾನ್ ನೋಡಿದ. ಕೆಂಪು ಹಲ್ಲಿನ ಬಾಯಿ ನಿಧಾನಕ್ಕೆ ತೆರೆದುಕೊಂಡಿತು.

"ಭಾನುವಾರ ಇದು ಇರ್ಲಿಲ್ಲ," ಎಂದ. "ಎರಡು ಕೈಯನ್ನೂ ನಾನೇ ತೊಳ್ಸಿದೀನಿ. ಇರ್ಲಿಲ್ಲ."

"ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಶಿನ್‌ಲೆ ಕತ್ತಲ್ಲಿ ಒಂದು."

"ಅಜ್ಜೀದು?"

"ಅಜ್ಜೀದು..." ರುವಾನ್ ಹಣೆಯುಜ್ಜಿಕೊಂಡ. "ಆಸ್ಪತ್ರೆ ಚೀಲದಲ್ಲಿರ್ಬೇಕು. ಇರ್ಬೇಕು. ಆ ದಿನ ಗಲಾಟೇಲಿ ಯಾರು ಎತ್ಕೊಂಡ್ರೋ... ನಾನು ನೋಡ್ಲಿಲ್ಲ."

ಹನ್ನೊಂದೂ ಇಪ್ಪತ್ತೈದು. ಪೆಯ್‌ಲಾನ್ 'ಅನಿಸಿದ್ದು' ಅಂಕಣಕ್ಕೆ ಅಡ್ಡಗೆರೆ ಎಳೆದಳು.

"ಅಕ್ಕ, ಶಿನ್‌ಲೆನ ಕರ್ಕೊಂಡ್ ಬನ್ನಿ. ಮುಖಂಡರೇ, ನೀವು ಮುಂದಿನ ಕೋಣೇಲಿ ಕೂತಿರಿ. ಮನೆಗೆ ಹೋಗ್ಬೇಡಿ, ಯಾರಿಗೂ ಫೋನ್ ಮಾಡ್ಬೇಡಿ."

"ನನ್ನ ಮೇಲೇನೇ ಅನುಮಾನಾನಾ?"

"ಬೀಗದ ಕೈ ಇರೋ ಎಲ್ರ ಮೇಲೂ."

ರುವಾನ್ ಎದ್ದ. ಚರ್ಮದ ಚೀಲದಿಂದ ಸವೆದ ಮರದ ಮುದ್ರೆಯೊಂದನ್ನು ತೆಗೆದು, ಸೀಬೆಹಣ್ಣಿನ ಪಕ್ಕದಲ್ಲಿಟ್ಟು, ಹೊರಗೆ ಹೋದ.

ಶಿನ್‌ಲೆ ಬಂದಳು. ಬೆನ್ನಿಗೆ ಬ್ಯಾಗು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲಿದ್ದ ಮುದ್ರೆಯನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು.

"ಮಾತು ಕೊಟ್ಟಿದ್ದೆ, ಮೊದ್ಲು ನಿಂಗೆ ಹೇಳ್ತೀನಿ ಅಂತ," ಪೆಯ್‌ಲಾನ್ ಅವಳ ಮಟ್ಟಕ್ಕೆ ಮಂಡಿಯೂರಿದಳು. "ಅಜ್ಜಿ ಆಸ್ಪತ್ರೇಲಿರೋದು ನಂಗೊತ್ತಾಯ್ತು. ಈಗ ನಾನು ಫೋನ್ ಮಾಡಿ, ಮಕ್ಕಳನ್ನ ಕಾಯೋರಿಗೆ ಹೇಳ್ತೀನಿ. ನಿಂದೇನೂ ತಪ್ಪಿಲ್ಲ."

"ತಂಗೀನ ಬೇರೆ ಕಡೆ ಕಳಿಸ್ತಾರಾ?"

ಸುಳ್ಳು ಹೇಳುವುದು ಎಷ್ಟು ಹಗುರ. "ಗೊತ್ತಿಲ್ಲ ಪುಟ್ಟಿ. ಕಳಿಸ್ಬೇಡಿ ಅಂತ ಕೇಳ್ತೀನಿ, ಕೇಳ್ತಾನೇ ಇರ್ತೀನಿ."

ಶಿನ್‌ಲೆ ಬೀಗದ ಕೈಯ ದಾರವನ್ನು ಬೆರಳಿಗೆ ಸುತ್ತತೊಡಗಿದಳು. ಪೆಯ್‌ಲಾನಳ ನಾಲಗೆಯ ತುದಿಯಲ್ಲಿ ನೂರು ಪ್ರಶ್ನೆ. ಯಾರು? ಏನಿಂದ? ಯಾವಾಗ? ಒಂದನ್ನೂ ಕೇಳಲಿಲ್ಲ. ದೊಡ್ಡವರ ಬಾಯಿಂದ ಹೆಸರು ಬಿದ್ದರೆ ಅದು ಮಗುವಿನ ಮಾತಾಗುವುದಿಲ್ಲ. ನಾಳೆ ಅದೇ ಕಾರಣಕ್ಕೆ ಎಲ್ಲವೂ ಬಿದ್ದುಹೋಗುತ್ತದೆ. ಪೆನ್ನಿನ ಮುಚ್ಚಳ ತೆಗೆದು 'ಕೇಳಿದ್ದು' ಅಂಕಣದ ಮೇಲಿಟ್ಟು ಕಾದಳು. ಕಾಯುವುದೇ ಅವಳ ಕಸುಬಿನ ಅತಿ ಕಷ್ಟದ ಪಾಠ.

"ಭಾನುವಾರದವರು ಒಳ್ಳೆಯವರು," ಎಂದಳು ಶಿನ್‌ಲೆ ಕೊನೆಗೆ, ಮಗ್ಗಿ ಒಪ್ಪಿಸುವ ದನಿಯಲ್ಲಿ. "ಬುಧವಾರದವರು ಬರ್ತಾರಲ್ಲ, ಅದಕ್ಕೆ ಬೆಳಿಗ್ಗೇನೇ ತಂಗೀನ ಅಲಮಾರಿಯೊಳಗೆ ಕೂರಿಸಿ ಬಂದಿದೀನಿ. ಒಳಗೆ ಬ್ರೆಡ್ ಇಟ್ಟಿದೀನಿ. ಈ ವಾರ ಸೋಮವಾರಾನೂ ಬಂದ್ಬಿಟ್ರು. ಅವತ್ತು ಕೂರಿಸಿರ್ಲಿಲ್ಲ. ಅದಕ್ಕೆ ನಾನು ಕೈ ಅಡ್ಡ ಇಟ್ಟೆ."

ಬಾಗಿಲ ಬಳಿ ಸುಂಗ್ ಬಾಯಿಗೆ ಅಂಗೈ ಒತ್ತಿಕೊಂಡರು.

ಈ ಸಲ ಪೆಯ್‌ಲಾನಳ ಕೈ ನಿಲ್ಲಲಿಲ್ಲ. ಮಗು ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಬರೆದಳು. ಬರೆದು ಮುಗಿಸಿ ಮಕ್ಕಳ ರಕ್ಷಣೆಯ ಸಹಾಯವಾಣಿ, ನೂರಾ ಹದಿಮೂರು ಒತ್ತಿದಳು.

"ನಾನು ಶಾಲಾ ಶಿಕ್ಷಕಿ. ಎರಡು ಮಕ್ಕಳ ವಿಷಯ ವರದಿ ಮಾಡ್ಬೇಕು. ಒಂದು ನನ್ನ ಮುಂದಿದೆ. ಇನ್ನೊಂದು, ನಾಲ್ಕು ವರ್ಷದ್ದು, ಬೀಗ ಹಾಕಿದ ಮನೇಲಿ ಒಂಟಿಯಾಗಿದೆ. ಪೊಲೀಸರು ಈಗಲೇ ಹೋಗ್ಬೇಕು."

ಆ ಕಡೆಯ ಹೆಂಗಸಿನ ದನಿ ಅವಸರವಿಲ್ಲದ್ದು, ಆದರೆ ನಿಧಾನವೂ ಅಲ್ಲ. ವಿಳಾಸ. ವಯಸ್ಸು. ಗಾಯದ ಅಳತೆ. ಮಗುವಿನ ಮಾತು, ಅದೇ ಪದಗಳಲ್ಲಿ. ಪೆಯ್‌ಲಾನ್ ಓದಿದಳು. ಕೀಲಿಗಳ ಟಪಟಪ ಸದ್ದು ಕೇಳುತ್ತಿತ್ತು.

"ಪೊಲೀಸ್ ಗಾಡಿ ಹೊರಟಿದೆ. ಬುಧವಾರದವರು ಅಂದ್ರೆ ಯಾರು ಅಂತ ಮಗು ಹೇಳ್ತಾ?"

"ಇಲ್ಲ. ನಾನು ಕೇಳಿಲ್ಲ."

"ಒಳ್ಳೇದು ಮಾಡಿದ್ರಿ. ನಮ್ಮವರು ಬರೋ ತನಕ ಮಗೂನ ಯಾರ ಜೊತೇಲೂ ಕಳಿಸ್ಬೇಡಿ. ನೀವು ಹೇಳಿದ್ದನ್ನ ಒಂದ್ಸಲ ಓದ್ತೀನಿ, ಸರಿಯಾಗಿದೆಯಾ ನೋಡಿ."

ಓದು ಶುರುವಾಯಿತು. ಹೊರಗೆ ಮಕ್ಕಳು ಸಾಲು ನಿಲ್ಲುವ ಮೊದಲ ಗಂಟೆ ಹೊಡೆಯಿತು. ಗೇಟಿನಾಚೆ, ಆಲದ ನೆರಳಿನಲ್ಲಿ, ಮಕ್ಕಳನ್ನು ಕರೆದೊಯ್ಯಲು ಬಂದವರು ಸ್ಕೂಟರ್ ನಿಲ್ಲಿಸಿಕೊಂಡು ನೆರೆದಿದ್ದರು; ಇಪ್ಪತ್ತು ಮೂವತ್ತು ಜನ, ಹೆಲ್ಮೆಟ್ಟು, ಬಿಸಿಲು ಟೋಪಿ, ಮುಖಗವಸು.

ಕುರ್ಚಿ ಕಿರ್ರೆಂದಿತು. ಪೆಯ್‌ಲಾನ್ ತಿರುಗಿ ನೋಡಿದಾಗ ಶಿನ್‌ಲೆ ಕುರ್ಚಿಯಲ್ಲಿರಲಿಲ್ಲ. ಮೇಜಿನ ಕೆಳಗೆ ಮಡಿಚಿ ಕುಳಿತು, ಅಂಗಿಯ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡಿದ್ದಳು.

ಪೆಯ್‌ಲಾನ್ ಮತ್ತೆ ಕಿಟಕಿಯತ್ತ ನೋಡಿದಳು. ಆ ಗುಂಪಿನಲ್ಲಿ ಎಲ್ಲರ ಕಣ್ಣೂ ಗೇಟಿನ ಮೇಲಿತ್ತು, ಒಬ್ಬರನ್ನು ಬಿಟ್ಟು. ಆ ಒಬ್ಬರು ಇದೇ ಕಿಟಕಿಯತ್ತ ಮುಖ ಮಾಡಿ, ಪರಿಚಯದವರ ಹಾಗೆ, ಸಾವಕಾಶವಾಗಿ ಕೈ ಬೀಸುತ್ತಿದ್ದರು.

"ಹಲೋ? ಟೀಚರ್, ಇದ್ದೀರಾ?" ಎಂದಿತು ಫೋನು. "ನಿಮ್ಮ ವರದಿ ದಾಖಲಾಗಿದೆ. ಸಮಯ, ಹನ್ನೊಂದು ಐವತ್ತಾರು."